ನನ್ನ ಕರಾರನ್ನು ಗೆಲ್ಲಿಸಿದ ವಕೀಲರು

ಮಾನ್ಯ ಅಧ್ಯಕ್ಷರೇ, ಹೊಗಳಿಕೆ ಕೇಳಿ ಕೇಳಿ ಈಗಾಗಲೇ ಬೇಸತ್ತಿರುವ ನಮ್ಮ ಸನ್ಮಾನಿತರೇ, ಸಭಿಕರೇ,

ಪತ್ರ ಬರಹಗಾರರ ಸಂಘದ ಪರವಾಗಿ ಈ ವಕೀಲರ ಬಗ್ಗೆ ನಾನೇ ಮಾತಾಡಬೇಕಂತೆ. ಯಾಕೆ ನಾನೇ? ಅವರೆದುರು ನನ್ನಷ್ಟು ಪೂರ್ತಿಯಾಗಿ ಸೋತವರು ಸಂಘದಲ್ಲಿ ಇನ್ನೊಬ್ಬರಿಲ್ಲ.

ಕೋರ್ಟಿನ ಎದುರಿನ ಓಣಿಯಲ್ಲಿ ಕರಾರು, ಕ್ರಯಪತ್ರ ಬರೆಯುವುದು ನನ್ನ ಕಸುಬು. ಮನೆ ಕಟ್ಟಿಸಿದಾಗ ಹೆಚ್ಚಿನ ಹೊರೆ ಹೊತ್ತವಳು ಹೊಲಿಗೆ ತರಗತಿ ನಡೆಸುತ್ತಿದ್ದ ನನ್ನ ಹೆಂಡತಿ. ಒಂದು ಮಧ್ಯಾಹ್ನ, "ನಾಳೆ ನಾವು ಬೇರೆಯಾದ್ರೆ?" ಎಂದು ತಮಾಷೆಗೆಂಬಂತೆ ಕೇಳಿದಳು.

"ಮನೆ ನಿಂದೇ ಕಣೇ" ಅಂದೆ.

"ಬಾಯಲ್ಲಿ ಹೇಳಿದ್ರೆ ಆಯ್ತಾ? ಊರಿಗೆಲ್ಲ ಬರ್ಕೊಡ್ತೀರಿ."

ಬರೆದೆ. ಹೇಗೆ ಬರೆದೆ! ನಿನ್ನ ಕಡೆಯ ವಕೀಲರೊಬ್ಬರಿಗೆ ತೋರಿಸಿಕೊಂಡು ಬಾ ಎಂದು ಅವಳನ್ನು ನಾನೇ ಕಳಿಸಿದೆ. ನನ್ನ ಆಸ್ತಿಯ ವಿವರವನ್ನೆಲ್ಲ ಅದರಲ್ಲಿ ತೆರೆದಿಟ್ಟೆ. ಸಾಕ್ಷಿ ಹಾಕಿಸಿದೆ, ನೋಂದಣಿ ಮಾಡಿಸಿದೆ. ಕಸುಬಿನ ಜಂಬ, ನೋಡಿ.

ಎಷ್ಟೋ ವರ್ಷಗಳ ನಂತರ ಬೇರೆಯಾದೆವು. ಕಾರಣ ಇಲ್ಲಿ ಬೇಡ. ನಾನು ಮಾತಾಡುವುದು ಕಡಿಮೆ, ಮನೆಯಲ್ಲಂತೂ. ಮನೆ ಬಿಡಲು ಮನಸ್ಸಾಗದೆ ಕೋರ್ಟಿಗೆ ಹೋದೆ. ಗಂಡ ಹೆಂಡತಿಯ ಮಾತಿಗೆ ಕಾನೂನಿನ ಬಲವೆಲ್ಲಿ, ಅದು ಪ್ರೀತಿಯ ಹೊತ್ತಿನ ಮಾತು ಎಂದು ವಾದ ಹೂಡಿದೆ.

ಅವಳ ಪರ ನಿಂತವರು ಇವರು. ಕೂಗಲಿಲ್ಲ, ನನ್ನನ್ನು ಹೀಯಾಳಿಸಲಿಲ್ಲ. ನನ್ನ ಕರಾರನ್ನು ಮೊದಲಿಂದ ಕೊನೆವರೆಗೆ ನಿಧಾನವಾಗಿ ಓದಿದರು. "ಸ್ವಾಮಿ, ಒತ್ತಾಯ ಇಲ್ಲ, ಮುಚ್ಚುಮರೆ ಇಲ್ಲ. ಇಷ್ಟು ಜೋಪಾನವಾಗಿ ಬರೆದವರು ಸುಮ್ಮನೆ ಬರೆದಿರ್ತಾರಾ?" ಸಭಿಕರೇ, ಸೋಲುತ್ತಿದ್ದೇನೆಂದು ಗೊತ್ತಿದ್ದರೂ ನನ್ನ ಬೆನ್ನು ನೆಟ್ಟಗಾಯಿತು. ನನ್ನ ಬರಹವನ್ನು ಅಷ್ಟು ಅಕ್ಕರೆಯಿಂದ ಓದಿದವರು ಯಾರಿದ್ದಾರೆ?

ತೀರ್ಪಾದ ಮೇಲೆ ಹೊರಗಿನ ಮೆಟ್ಟಿಲ ಮೇಲೆ ಹೆಂಡತಿ ಅಂದಳು: "ಒಳ್ಳೇ ಬರೀತೀರಿ ಕಣ್ರೀ. ಅದರಲ್ಲಿ ಚೂರಾದ್ರೂ ಮಾತಾಡಿದ್ದಿದ್ರೆ ನಾವಿಲ್ಲಿಗೆ ಬರ್ತಿರ್ಲಿಲ್ಲ."

ಮೇಲ್ಮನವಿಗೆ ಅವಕಾಶವಿದೆ ಎಂದರು ನನ್ನ ವಕೀಲರು. ಯೋಚಿಸಿದೆ. ಗೆದ್ದರೆ ಮನೆ ಸಿಗುತ್ತಿತ್ತು. ಆದರೆ ಅವಳಿಗೆ ನಾನು ಮನಸಾರೆ ಕೊಟ್ಟಿದ್ದು ಅದೊಂದೇ. ಅದನ್ನೂ ಕೊಟ್ಟೇ ಇರಲಿಲ್ಲವೆಂದು ಕೋರ್ಟಿನ ಮುದ್ರೆ ಬೀಳುತ್ತಿತ್ತು. ಬೇಡವೆಂದೆ.

ಬೀಗದ ಕೈಯನ್ನು ಇವರ ಕಚೇರಿಗೆ ತಂದುಕೊಟ್ಟೆ. ಇವರು ಕುರ್ಚಿಯಿಂದ ಎದ್ದು ನಿಂತು ಎರಡೂ ಕೈಯಲ್ಲಿ ತೆಗೆದುಕೊಂಡರು. ಗೆದ್ದ ವಕೀಲರು ಸೋತವನಿಗಾಗಿ ಎದ್ದು ನಿಲ್ಲುವುದನ್ನು ನಾನು ಬೇರೆಲ್ಲೂ ಕಂಡಿಲ್ಲ. ಅದಕ್ಕೇ ಇಂದು ಅವರಿಗಾಗಿ ನಾನು ನಿಂತಿದ್ದೇನೆ.

ಮಾತು ಕಡಿಮೆಯವನ ಇಷ್ಟು ಮಾತು ಕೇಳಿದಿರಿ, ಋಣಿ. ನಮಸ್ಕಾರ.