ಅಮ್ಮನ ಗಿಡದ ಅಂಟು

ಪ್ರಾರ್ಥನೆ ಮುಗಿಸಿ ಬಸ್ಸಿಗೆ ಕಾಯುತ್ತಿದ್ದೆ. ಬೆಂಚಿನ ಆ ತುದಿಯಲ್ಲಿ ಅಕ್ಕತಂಗಿಯರಿಬ್ಬರು ಜಗಳವಾಡುತ್ತಿದ್ದರು. ತಂಗಿಯ ಮಡಿಲಲ್ಲಿ ದಪ್ಪ ಎಲೆಯ ಗಿಡದ ಕುಂಡವಿತ್ತು.

“ಮುಟ್ಟಿ ನೋಡಕ್ಕಾ, ಎಲೆಯೆಲ್ಲ ಅಂಟು. ನಿನ್ನ ಮಗಳೇ ಶರಬತ್ತು ಸುರಿದಿರೋದು.”

“ಅದಕ್ಕೇ ನೆಂಟರೆದುರು ಮಗೂನ ಕಳ್ಳರ ಹಾಗೆ ನಿಲ್ಲಿಸಿ ಬೈದೆಯಾ?”

“ತೀರಿಹೋದ ಅಮ್ಮ ಸಾಕಿದ್ದು ಇದೊಂದೇ ಉಳಿದಿರೋದು!”

“ನನಗೂ ಅವಳು ಅಮ್ಮನೇ ಕಣೆ. ಎಲೆಯ ಬುಡದಲ್ಲಿ ಬಿಳೀ ಹತ್ತಿ ಥರ ಇದೆಯಲ್ಲ, ಏನದು?”

“ಧೂಳು.”

“ನಿನ್ನ ತಲೆ! ಹಿಟ್ಟು ತಿಗಣೆ. ರಸ ಹೀರಿ ಅಂಟು ಸುರಿಸ್ತಿರೋದು ಆ ಹುಳಾನೇ.”

“ದಿನಾ ಬಟ್ಟೇಲಿ ಒರೆಸ್ತೀನಲ್ಲ!”

“ಅದೇ ಬಟ್ಟೇಲಿ ಮಿಕ್ಕ ಗಿಡಗಳನ್ನೂ?”

“ಹೂಂ, ಎಲ್ಲಾನೂ.”

“ಮನೆ ತುಂಬ ಹಂಚಿದ್ದೀಯ, ಮಹಾತಾಯಿ! ಇದನ್ನ ದೂರ ಇಡು. ಹತ್ತೀನ ಸ್ಪಿರಿಟ್‌ನಲ್ಲಿ ಅದ್ದಿ ಹುಳ ಒರೆಸಿ ತೆಗಿ. ವಾರ ಬಿಟ್ಟು ಮತ್ತೆ ನೋಡು.”

“ಬದುಕುತ್ತಾ?”

“ಗಿಡ ಬದುಕುತ್ತೆ. ಮಗು ಮಾತ್ರ ನಿನ್ನ ಮನೆ ಹೊಸಿಲು ತುಳಿಯಲ್ಲ ಅಂತಿದ್ದಾಳೆ. ಅದಕ್ಕೆ ಏನು ಹಚ್ತೀಯ?”

“ನಾನೇ ಬಂದು ತಪ್ಪಾಯ್ತು ಅಂತೀನಿ.”

“ಮೂಲೆಗೆ ಕರೆದು ಪಿಸುಗುಟ್ಟಿದ್ರೆ ಆಗಲ್ಲ. ನೆಂಟರೆದುರು ಬೈದೆ, ನೆಂಟರೆದುರೇ ಹೇಳು.”

ಬಸ್ಸು ಬಂತು. ಅಕ್ಕ ಹಿಂದಿರುಗಿ ನೋಡದೆ ಹತ್ತಿದಳು. ತಂಗಿ ಎರಡು ಕೈಯಲ್ಲೂ ಕುಂಡ ಹಿಡಿದು ಅವಳ ಹಿಂದೆಯೇ ಹೋದಳು.