ವರದಿ ಬಂದ ಮರುದಿನ ನೀರೂ ಬಂತು

ಕೇಳುವುದು ಬಹಳ ಸುಲಭ ಎಂದುಕೊಂಡಿದ್ದೇವೆ. ಕಿವಿಗೆ ಬಾಗಿಲಿಲ್ಲ, ಚಿಲಕವಿಲ್ಲ, ಮಾತು ತಾನಾಗಿ ಒಳಗೆ ಬರುತ್ತದೆ. ಹಾಗಿದ್ದ ಮೇಲೆ ಭಕ್ತಿಯ ಮೆಟ್ಟಿಲುಗಳಲ್ಲಿ ಶ್ರವಣವನ್ನು ಮೊದಲನೆಯದಾಗಿ ಏಕೆ ಇಟ್ಟರು? ಯೋಚನೆ ಮಾಡಿ. ಅಷ್ಟು ಸುಲಭದ ಕೆಲಸವಾಗಿದ್ದರೆ ಅದನ್ನು ಯಾರಾದರೂ ಸಾಧನೆ ಎಂದು ಕರೆಯುತ್ತಿದ್ದರೇ? ಈ ಪ್ರಶ್ನೆಗೆ ನನ್ನ ಹತ್ತಿರ ಪೂರ್ತಿ ಉತ್ತರ ಇದೆ ಎಂದು ಹೇಳಲಾರೆ. ಒಂದು ದೃಷ್ಟಾಂತವಿದೆ. ಅದನ್ನು ಹೇಳುತ್ತೇನೆ, ತೂಗಿ ನೋಡುವ ಕೆಲಸ ನಿಮ್ಮದು.

ಒಂದು ತಾಲ್ಲೂಕು ಕೇಂದ್ರದಲ್ಲಿ ಒಬ್ಬ ಶ್ರೀಮಂತ ಇದ್ದ. ಪಾಲಾಕ್ಷಪ್ಪ ಎಂದಿಟ್ಟುಕೊಳ್ಳಿ. ಎಣ್ಣೆ ಗಾಣದಿಂದ ಬದುಕು ಕಟ್ಟಿ, ಆಮೇಲೆ ಕೇಬಲ್ ವ್ಯವಹಾರಕ್ಕೆ ಇಳಿದು, ಕೊನೆಗೆ ತನ್ನ ಮನೆಯ ಮಹಡಿಯ ಮೇಲೆಯೇ ಊರಿಗೊಂದು ಸುದ್ದಿ ಚಾನೆಲ್ ಮಾಡಿಕೊಂಡವನು. ಕೆಟ್ಟವನಲ್ಲ, ನೋಡಿ. ದಾಸೋಹಕ್ಕೆ ಎಣ್ಣೆ ಕೊಡುವವನು, ಬಂದವರಿಗೆ ಮೊದಲು ನೀರು ಕೊಟ್ಟು ಆಮೇಲೆ ಮಾತಾಡಿಸುವವನು. ಆ ನೀರಿನ ಕಥೆಯೇ ಇದು.

ಹಿಂದಿನ ಮಳೆಗಾಲದಲ್ಲಿ ಆ ಊರಿನಲ್ಲಿ ಕಾಮಾಲೆ ಹರಡಿತ್ತು. ಅದರಲ್ಲೂ ತಗ್ಗಿನ ಬೀದಿ ಎಂಬ ಬಡಾವಣೆಯಲ್ಲಿ ಮನೆಗೊಬ್ಬರು ಹಾಸಿಗೆ ಹಿಡಿದರು, ಕೆಲವರು ಏಳಲೇ ಇಲ್ಲ. ಕುಡಿಯುವ ನೀರಿಗೆ ಚರಂಡಿ ನೀರು ಸೇರಿತ್ತು. ಯಾರ ತಪ್ಪು? ಪುರಸಭೆ ಅಧ್ಯಕ್ಷ ಲಂಚ ತಿಂದು ಹಳೆಯ ಪೈಪು ಬದಲಿಸಲಿಲ್ಲ ಎಂದು ಎದುರು ಪಕ್ಷದ ಮುಖಂಡ ಧರಣಿ ಕೂತ. ಇದು ತನ್ನ ಹೆಸರು ಕೆಡಿಸುವ ಪಿತೂರಿ ಎಂದು ಅಧ್ಯಕ್ಷ ಎದೆ ಬಡಿದುಕೊಂಡ. ಸರ್ಕಾರ ಒಬ್ಬ ನಿವೃತ್ತ ನ್ಯಾಯಾಧೀಶರನ್ನು ತನಿಖೆಗೆ ನೇಮಿಸಿತು. ಅವರು ಬಂದರು, ರಸ್ತೆ ಅಗೆಸಿ ನೋಡಿದರು, ಎಲ್ಲರನ್ನೂ ಕೇಳಿದರು, ಹೋಗಿ ವರದಿ ಬರೆದರು.

ವರದಿ ಹೊರಗೆ ಬೀಳುವ ದಿನ ಆ ಊರಿನ ಸಡಗರ ಏನೆಂದು ಹೇಳಲಿ. ವರದಿಯಲ್ಲಿ ಏನಿದೆ ಎಂದು ಯಾರಿಗೂ ಗೊತ್ತಿಲ್ಲ. ಆದರೂ ಫ್ಲೆಕ್ಸ್ ಹಿಂದಿನ ದಿನವೇ ಸಿದ್ಧ. ಎರಡೂ ಪಕ್ಷದವರು ಒಂದೇ ಅಂಗಡಿಯಲ್ಲಿ ಮಾಡಿಸಿದ್ದರು. ಅಂಗಡಿಯವನಿಗೆ ಕೆಲಸ ಹಗುರ, ಏಕೆಂದರೆ ಎರಡರ ಮೇಲೂ ಬರಹ ಒಂದೇ: ಸತ್ಯಕ್ಕೆ ಸಂದ ಜಯ. ಮುಖಗಳನ್ನು ಮಾತ್ರ ಬದಲಿಸಿದ. ಪಾಲಾಕ್ಷಪ್ಪನೂ ಸುಮ್ಮನಿರಲಿಲ್ಲ. 'ಅಧ್ಯಕ್ಷರಿಗೆ ಕ್ಲೀನ್‌ಚಿಟ್' ಎಂದೊಂದು, 'ಅಧ್ಯಕ್ಷರ ಮುಖವಾಡ ಬಯಲು' ಎಂದೊಂದು, ಎರಡು ತಲೆಬರಹ ಮಾಡಿಸಿ ಇಟ್ಟುಕೊಂಡಿದ್ದ.

ವರದಿ ಬಂತು. ಲಂಚಕ್ಕೆ ಪುರಾವೆ ಸಿಕ್ಕಿಲ್ಲ ಎಂದು ಒಂದು ಕಡೆ ಬರೆದಿತ್ತು. ತಕ್ಷಣ ಅಧ್ಯಕ್ಷನ ಕಡೆಯವರು ಪಟಾಕಿ ಹಚ್ಚಿದರು. ಪೈಪು ಒಡೆದಿರುವುದು ಗೊತ್ತಿದ್ದೂ ಅಧ್ಯಕ್ಷ ಕಣ್ಣು ಮುಚ್ಚಿಕೊಂಡಿದ್ದಾರೆ ಎಂದು ಇನ್ನೊಂದು ಕಡೆ ಬರೆದಿತ್ತು. ತಕ್ಷಣ ಎದುರಿನವರು ಅವನ ಪ್ರತಿಕೃತಿಗೆ ಬೆಂಕಿ ಇಟ್ಟರು. ಬಸ್ ಸ್ಟ್ಯಾಂಡಿನ ಆ ಬದಿಗೆ ಪಟಾಕಿ, ಈ ಬದಿಗೆ ಬೆಂಕಿ. ಚಾನೆಲ್ಲಿನಲ್ಲಿ ಎರಡೂ ತಲೆಬರಹ ಒಂದರ ಹಿಂದೆ ಒಂದು ಓಡಿದವು. ಒಂದೂ ವ್ಯರ್ಥವಾಗಲಿಲ್ಲ.

ಆದರೆ ಪಾಲಾಕ್ಷಪ್ಪನಿಗೆ ಒಂದು ಚಾಳಿ ಇತ್ತು. ಕೈಗೆ ಬಂದ ಕಾಗದವನ್ನು ಪೂರ್ತಿ ಓದುವುದು. ಗಾಣದ ಕಾಲದ ಅಭ್ಯಾಸ. ಅಂದು ಸಂಜೆ ಕುರ್ಚಿಗೆ ಒರಗಿ ವರದಿಯನ್ನು ಕೊನೆಯವರೆಗೂ ಓದಿದ. ಕೊನೆಯ ಭಾಗಕ್ಕೆ ಬಂದವನು ಎದ್ದು ಕೂತ. ಅಲ್ಲಿ ಹೀಗಿತ್ತು: ಪೈಪು ಒಡೆದಿದ್ದು ನಿಜ, ಆದರೆ ಒಡೆದ ಪೈಪಿನೊಳಕ್ಕೆ ಚರಂಡಿಯನ್ನು ಎಳೆದದ್ದು ಊರಿನ ಮೋಟರುಗಳು. ನೀರು ಬಿಟ್ಟ ಕೂಡಲೇ ಮೇಲಿನ ಬೀದಿಗಳ ಮನೆಮನೆಯವರೂ ಬೀದಿಯ ಪೈಪಿಗೇ ಮೋಟರು ಹಚ್ಚಿ ನೀರನ್ನು ಸೆಳೆಯುತ್ತಾರೆ. ಆಗ ಪೈಪು ಬರಿದಾಗಿ, ಬಿರುಕಿನ ಸುತ್ತ ನಿಂತ ಕೊಳಕನ್ನೇ ಒಳಕ್ಕೆ ಹೀರಿಕೊಳ್ಳುತ್ತದೆ. ಅದು ಇಳಿಜಾರಿನಲ್ಲಿ ಹರಿದು ತಗ್ಗಿನ ಬೀದಿಯ ನಲ್ಲಿಗೆ ಹೋಗುತ್ತದೆ. ಹೊಸ ಪೈಪು ಬರುವತನಕ ಜನ ಮೋಟರು ಬಿಚ್ಚಬೇಕು, ಇಲ್ಲವಾದರೆ ಈ ಮಳೆಗಾಲದಲ್ಲೂ ಅದೇ ಆಗುತ್ತದೆ.

ಈ ಮಾತನ್ನು ಯಾರು ಪಟಾಕಿ ಹಚ್ಚಿ ಸ್ವಾಗತಿಸುತ್ತಾರೆ? ಇದಕ್ಕೆ ಯಾವ ಫ್ಲೆಕ್ಸ್ ಕಟ್ಟುತ್ತಾರೆ? ಪಾಲಾಕ್ಷಪ್ಪನ ಮೆಟ್ಟಿಲ ಕೆಳಗೆ ಇದ್ದದ್ದು ಮೇಲಿನ ಬೀದಿಗೇ ದೊಡ್ಡ ಮೋಟರು. ಅವನು ವರದಿಯನ್ನು ಮುಚ್ಚಿ ದಿಂಬಿನ ಪಕ್ಕ ಇಟ್ಟ. ತೆಗೆದು ಮೇಜಿನ ಮೇಲಿಟ್ಟ. ಎಲ್ಲಿಟ್ಟರೂ ಅದು ತನ್ನ ಕಡೆಗೇ ಮುಖ ಮಾಡಿದ ಹಾಗೆ ಅನ್ನಿಸಿತು.

ಮರುದಿನ ಬೆಳಿಗ್ಗೆ ಚಾನೆಲ್ಲಿನಲ್ಲಿ ನೇರ ಚರ್ಚೆ ಇಟ್ಟಿದ್ದ. ನಡೆಸಿಕೊಡುವವಳು ಶಶಿರೇಖಾ, ಅವನ ಚಾನೆಲ್ಲಿಗೆ ಸುದ್ದಿ ಓದುವ ಹೆಣ್ಣುಮಗಳು. ಅವಳ ಮನೆ ಇದ್ದದ್ದು ತಗ್ಗಿನ ಬೀದಿಯಲ್ಲಿ. ಹೋದ ವರ್ಷ ಅವಳ ಮಗಳು ಕಾಮಾಲೆಯಿಂದ ಸಾವಿನ ಬಾಯಿಗೆ ಹೋಗಿ ಬಂದಿದ್ದಳು. ವರದಿಯನ್ನು ಪೂರ್ತಿ ಓದಿದ ಇನ್ನೊಬ್ಬಳು ಊರಲ್ಲಿ ಇದ್ದರೆ ಅವಳೇ. ಚರ್ಚೆಗೆ ಮುಂಚೆ ಅವಳು ಆ ಭಾಗವನ್ನು ಕೈಯಲ್ಲಿ ಹಿಡಿದು ಬಂದಳು.

"ಅಣ್ಣಾ, ಇದನ್ನ ಓದ್ತೀನಿ ಇವತ್ತು."

"ಯಾವುದಮ್ಮ?" ಎಂದ ಪಾಲಾಕ್ಷಪ್ಪ. ಯಾವುದೆಂದು ಅವನಿಗೆ ಗೊತ್ತಿತ್ತು.

"ಮೋಟರಿಂದು. ಮಳೆ ಹತ್ರ ಬಂತು. ಯಾರೂ ಇದರ ಬಗ್ಗೆ ಬಾಯೇ ಬಿಡ್ತಿಲ್ಲ."

"ಊರೋರ ಮೇಲೇ ತಪ್ಪು ಹೊರ್ಸಿದ್ರೆ ಊರೋರು ನಮ್ಮ ಚಾನೆಲ್ ನೋಡ್ತಾರೇನಮ್ಮ? ಜನಕ್ಕೆ ಬೇಕಾಗಿರೋದು ಅಧ್ಯಕ್ಷ ಉಳಿದ್ನೋ ಬಿದ್ನೋ ಅಂತ. ಅದನ್ನ ಕೇಳು. ಇದು ಆಮೇಲೆ ನೋಡಾನ."

"ಆಮೇಲೆ ಅಂದ್ರೆ ಯಾವಾಗ ಅಣ್ಣಾ? ಇವತ್ತು ನೀರು ಬಿಡೋ ದಿನ. ನಾನು ಕಾಯ್ಸಿ ಸೋಸಿ ಕೊಡ್ತೀನಿ. ಮಗು ಇಸ್ಕೂಲಲ್ಲಿ ನಲ್ಲಿಗೆ ಬಾಯಿ ಇಟ್ರೆ ಏನು ಮಾಡ್ಲಿ?"

ಪಾಲಾಕ್ಷಪ್ಪ ಗಡಿಯಾರ ನೋಡಿದ. "ಟೈಮಾಯ್ತು ಹೋಗಮ್ಮ" ಎಂದ. ಹಾಗೆ ಹೇಳಿದ ತನ್ನ ದನಿ ಅವನಿಗೇ ಹಿಡಿಸಲಿಲ್ಲ.

ಚರ್ಚೆ ಶುರುವಾಯಿತು. ಒಂದು ಕುರ್ಚಿಯಲ್ಲಿ ಅಧ್ಯಕ್ಷ, ಇನ್ನೊಂದರಲ್ಲಿ ಎದುರು ಪಕ್ಷದ ಮುಖಂಡ, ನಡುವೆ ಶಶಿರೇಖಾ. ಪಾಲಾಕ್ಷಪ್ಪ ಕ್ಯಾಮೆರಾದ ಹಿಂದೆ ನಿಂತಿದ್ದ.

"ಒಂದು ರೂಪಾಯಿ ಮುಟ್ಟಿಲ್ಲ ಅಂತ ಜಡ್ಜೇ ಬರ್ದವರೆ. ಕನ್ನಡ ಓದಕ್ಕೆ ಬರುತ್ತಾ ನಿಮಗೆ?" ಎಂದ ಅಧ್ಯಕ್ಷ.

"ಬರುತ್ತೆ ಸ್ವಾಮಿ. ಕಣ್ಣು ಮುಚ್ಕೊಂಡು ಕೂತಿದ್ರು ಅಂತ್ಲೂ ಅವರೇ ಬರ್ದವರೆ. ಮುಚ್ಚಿದ ಕಣ್ಣಿಗೆ ಅದು ಎಲ್ಲಿ ಕಾಣುತ್ತೆ ಪಾಪ" ಎಂದ ಮುಖಂಡ.

"ನಿಮ್ಮ ಪಕ್ಷದೋರು ಆಳುವಾಗ ಹಾಕಿದ ಪೈಪು ಅದು."

"ಹಾಕಿದ್ವಲ್ಲ, ಅಷ್ಟಾದ್ರೂ ಮಾಡಿದ್ವಿ. ನೀವು ಹಾಕಿದ್ದು ಹಾರ ಒಂದೇ. ಅದೂ ನಿಮ್ಮ ಕೊರಳಿಗೆ."

ಊರೆಲ್ಲ ಟಿವಿ ಮುಂದೆ ಕೂತು ನಗುತ್ತಿತ್ತು, ಬೈಯುತ್ತಿತ್ತು. ಅಷ್ಟರಲ್ಲಿ ನೀರುಗಂಟಿ ಬೀದಿಯ ವಾಲ್ವು ತಿರುಗಿಸಿದ. ನೀರು ಬಂತು. ನೀರು ಬಂದರೆ ಆ ಊರಿನಲ್ಲಿ ಮದುವೆಯ ಊಟವನ್ನೂ ಅರ್ಧಕ್ಕೆ ಬಿಟ್ಟು ಏಳುತ್ತಾರೆ. ಅಧ್ಯಕ್ಷನ ಜೇಬಿನಲ್ಲಿ ಫೋನು ಬಡಿದುಕೊಂಡಿತು. ಅದರ ಬೆನ್ನಿಗೇ ಮುಖಂಡನ ಫೋನೂ ಬಡಿದುಕೊಂಡಿತು. ಇಬ್ಬರೂ ಅಂಗೈ ಮರೆ ಮಾಡಿ, ಕುತ್ತಿಗೆ ತಗ್ಗಿಸಿ ಮಾತಾಡಿದರು. ಇಬ್ಬರ ಬಾಯಿಂದಲೂ ಬಂದದ್ದು ಒಂದೇ ಮಾತು.

"ಮೋಟರ್ ಹಾಕು."

ಕುತ್ತಿಗೆ ತಗ್ಗಿಸಿದರೆ ಬಾಯಿ ಅಂಗಿಗೆ ಸಿಕ್ಕಿಸಿದ ಮೈಕಿಗೇ ಹತ್ತಿರವಾಗುತ್ತದಲ್ಲ. ಊರಿಗೂರೇ ಕೇಳಿಸಿಕೊಂಡಿತು. ನೋಡಿ, ಇಡೀ ವರ್ಷದಲ್ಲಿ ಅವರಿಬ್ಬರು ಒಪ್ಪಿಕೊಂಡ ಮಾತು ಅದೊಂದೇ. ಮುಖ ಮುಖ ನೋಡಿಕೊಂಡರು. ಅಧ್ಯಕ್ಷ ಮೀಟಿಂಗ್ ಇದೆ ಎಂದು ಎದ್ದ. ಮುಖಂಡ ಅವನಿಲ್ಲದೆ ಚರ್ಚೆ ಯಾರ ಜೊತೆ ಎಂದು ಎದ್ದ. ಕುರ್ಚಿಗಳು ಖಾಲಿಯಾದವು.

ಗದ್ದಲ ನಿಂತಿತಲ್ಲ, ಆಗ ಇನ್ನೊಂದು ಸದ್ದು ಕೇಳಿಸಿತು. ಗುಂಯ್ ಎಂದು ನೆಲದೊಳಗಿಂದ ಬರುವ ಸದ್ದು. ಶಶಿರೇಖಾಳ ಮುಂದಿದ್ದ ನೀರಿನ ಲೋಟ ಮೇಜಿನ ಮೇಲೆ ಸಣ್ಣಗೆ ನಡುಗುತ್ತಿತ್ತು. ಅದು ಪಾಲಾಕ್ಷಪ್ಪನ ಮೋಟರು. ಅವನು ದಿನವೂ ಕೇಳುತ್ತಿದ್ದ ಸದ್ದೇ. ಆದರೆ ಆವತ್ತಿನವರೆಗೆ ಅವನಿಗೆ ಅದು ಕೇಳಿಸಿರಲಿಲ್ಲ.

ಶಶಿರೇಖಾ ಕ್ಯಾಮೆರಾ ಬಿಟ್ಟು ಅವನನ್ನು ನೋಡಿದಳು. "ಅಣ್ಣಾ, ಓದ್ಲಾ?" ಎಂದಳು. ನೇರ ಪ್ರಸಾರದಲ್ಲೇ ಕೇಳಿದಳು. ಊರು ಕಾಯುತ್ತಿತ್ತು.

ಪಾಲಾಕ್ಷಪ್ಪ ನೆಲದ ಕಡೆ ನೋಡಿದ. ಓದು ಎಂದರೂ, ಬೇಡ ಎಂದರೂ ಕೆಳಗೆ ಆ ಸದ್ದು ಇರುತ್ತದಲ್ಲ ಎಂದುಕೊಂಡ. ತಿರುಗಿ ಮೆಟ್ಟಿಲಿಳಿದ. ಅವಳಿಗೆ ಅವನ ಬೆನ್ನು ಕಂಡಿತು, ಹೊರಟೇ ಹೋದ ಎಂದುಕೊಂಡಳು. ಹಾಳೆಯನ್ನು ಮಡಿಚಿದಳು.

ಕೆಳಗೆ ಅವನ ಹೆಂಡತಿ ಗಂಗಮ್ಮ ಸ್ವಿಚ್ಚಿನ ಹತ್ತಿರವೇ ಸೊಂಟಕ್ಕೆ ಕೈಯಿಟ್ಟು ನಿಂತಿದ್ದಳು. ಪಾಲಾಕ್ಷಪ್ಪ ಕೈ ಚಾಚಿ ಮೋಟರು ಆರಿಸಿದ.

"ಏನ್ರೀ, ಟ್ಯಾಂಕ್ ಅರ್ಧಾನೂ ತುಂಬಿಲ್ಲ."

"ಸಾಕು ಕಣೆ."

"ಏನು ಸಾಕು? ನಾವೊಬ್ರು ಆರ್ಸಿದ್ರೆ ಪಕ್ಕದ ಮನೇರು ಎಳ್ಕೊತಾರೆ ಅಷ್ಟೇಯ. ದೊಡ್ಡ ಮನುಷ್ಯರಾಗಿ ನೀವೊಬ್ರು ಒಣಗಿ ಕೂತ್ಕೊಳಿ."

ಅವಳ ಮಾತು ಸುಳ್ಳಲ್ಲ. ಪಕ್ಕದ ಮನೆಯ ಮೋಟರು ಗೋಡೆಯಾಚೆ ಗುಂಯ್ ಎನ್ನುತ್ತಲೇ ಇತ್ತು. ಅವನಿಗೆ ಮತ್ತೆ ಸ್ವಿಚ್ಚು ಹಾಕಿಬಿಡಲೇ ಅನ್ನಿಸಿತು. ಕೈ ಅಲ್ಲೇ ಇತ್ತು. ಆದರೆ ಮೇಲೆ ಮಹಡಿಯಲ್ಲಿ ಲೋಟದ ನಡುಕ ನಿಂತಿತ್ತು. ಶಶಿರೇಖಾ ಅದನ್ನು ನೋಡಿದಳು. ಮಡಿಚಿದ ಹಾಳೆಯನ್ನು ಬಿಡಿಸಿದಳು. ಅವಳ ದನಿ ಗಂಗಮ್ಮನ ನಡುಮನೆಯ ಟಿವಿಯಿಂದ ಹೊರಗೆ ಬಂತು, ಬೀದಿಯ ಮನೆಮನೆಯಿಂದಲೂ ಬಂತು. ಪಾಲಾಕ್ಷಪ್ಪ ಸ್ವಿಚ್ಚಿನ ಪಕ್ಕದಲ್ಲೇ ನಿಂತು, ತಾನು ಆಗಲೇ ಓದಿದ್ದ ಮಾತನ್ನು ಮೊದಲ ಸಲ ಕೇಳಿದ.

ಆಮೇಲೆ ಊರು ಬದಲಾಯಿತೇ? ಹಾಗೆ ಹೇಳಿ ಮುಗಿಸಿದರೆ ನಿಮಗೂ ಸಂತೋಷ, ನನಗೂ ಸುಲಭ. ಆದರೆ ಅಂದು ಮಧ್ಯಾಹ್ನದ ತನಕ ಚಾನೆಲ್ಲಿಗೆ ಬೈಗುಳದ ಫೋನು ಬಂದವು. 'ಪೈಪು ಹಾಕಿಸದವರನ್ನ ಬಿಟ್ಟು ನಮ್ಮನ್ನ ಅಂತೀರಾ?' ಎಂದು ಒಬ್ಬರು. 'ಇದನ್ನ ಓದ್ಸಕ್ಕೆ ದುಡ್ಡು ಎಲ್ಲಿಂದ ಬಂತು ಸಾವ್ಕಾರ್ರೇ?' ಎಂದು ಇನ್ನೊಬ್ಬರು. ಆ ತನಕ ಒಂದೇ ಬೆಂಚಿನಲ್ಲಿ ಕೂರದ ಎರಡೂ ಪಕ್ಷದವರು, ಇದು ಊರಿನ ಮರ್ಯಾದೆಯ ಪ್ರಶ್ನೆ ಎಂದು ಒಟ್ಟಿಗೆ ಖಂಡನೆ ಹೊರಡಿಸಿದರು.

ಪಾಲಾಕ್ಷಪ್ಪ ನೆಲದಡಿ ಒಂದು ಸಂಪು ತೋಡಿಸಿದ. ನೀರು ತಾನಾಗಿ ಬಂದಷ್ಟು ಅದರಲ್ಲಿ ಬೀಳಲಿ, ಅಲ್ಲಿಂದ ಮೇಲಕ್ಕೆ ಮೋಟರು ಹಾಕೋಣ ಎಂದು. ಗಂಗಮ್ಮ ಒಂದಷ್ಟು ದಿನ ಮಾತು ಬಿಟ್ಟಳು. ಮುಂದಿನ ಸಲ ನೀರು ಬಿಟ್ಟಾಗ ಅವನು ಮಹಡಿಗೆ ಹೋಗಿ ನಿಂತು ಕಿವಿ ಕೊಟ್ಟ. ಆ ಕಡೆಯಿಂದ ಗುಂಯ್, ಈ ಕಡೆಯಿಂದ ಗುಂಯ್. ಸ್ವಲ್ಪ ಕಡಿಮೆಯಾಗಿದೆಯೇ, ಅಥವಾ ಕಡಿಮೆಯಾಗಲಿ ಎಂಬ ತನ್ನ ಆಸೆಯೇ ಹಾಗೆ ಕೇಳಿಸುತ್ತಿದೆಯೇ? ಅವನಿಗೆ ತಿಳಿಯಲಿಲ್ಲ. ಮೋಡ ಕಟ್ಟುತ್ತಿತ್ತು. ತಗ್ಗಿನ ಬೀದಿಯ ಕಡೆ ನೋಡುತ್ತ, ಒಂದೊಂದೇ ಮನೆಯ ಸದ್ದನ್ನು ಬೇರೆ ಮಾಡಿ ಕೇಳುತ್ತ ಅಲ್ಲೇ ನಿಂತಿದ್ದ. ದೃಷ್ಟಾಂತ ಇಷ್ಟೇ.

ಈಗ ನಿಮ್ಮನ್ನು ಕೇಳುತ್ತೇನೆ. ಆ ಅಧ್ಯಕ್ಷನ ತಪ್ಪು ಸಣ್ಣದೇ? ಖಂಡಿತ ಅಲ್ಲ. ಪೈಪು ಹಾಕಿಸಬೇಕಾದವನು ಅವನು, ಅವನನ್ನು ಕೇಳಲೇಬೇಕು, ಬಿಡಬಾರದು. ಈ ಕಥೆ ಹೇಳಿ ಆಳುವವರ ತಪ್ಪನ್ನು ಜನರ ತಲೆಗೆ ಕಟ್ಟಿಬಿಟ್ಟೆನೇನೋ ಎಂಬ ಅಳುಕು ನನಗಿದೆ, ಅದಕ್ಕೇ ಇದನ್ನು ಬಿಡಿಸಿ ಹೇಳುತ್ತಿದ್ದೇನೆ. ಆದರೆ ಅವನನ್ನು ಕೇಳುವ ಗಂಟಲಿನ ಹಿಂದೆ ನಮ್ಮದೇ ಮೋಟರು ಓಡುತ್ತಿದ್ದರೆ ಆ ಪ್ರಶ್ನೆಗೆ ಬಲ ಎಲ್ಲಿಂದ ಬರಬೇಕು? ಒಂದು ತನಿಖೆಯ ಫಲ ಬಂದಾಗ ನಾವು ಏನನ್ನು ಹುಡುಕುತ್ತೇವೆ? ನಮಗಾಗದವನ ಹೆಸರನ್ನು. ಅದು ಸಿಕ್ಕ ಕೂಡಲೇ ಕಿವಿ ಮುಚ್ಚಿಕೊಳ್ಳುತ್ತದೆ. ಅದು ಶ್ರವಣವಲ್ಲ.

ಇವತ್ತು ಮನೆಗೆ ಹೋದ ಮೇಲೆ ನಿಮ್ಮ ಫೋನಿಗೆ ಇಂಥದೊಂದು ಸುದ್ದಿ ಬಂದೇ ಬಂದಿರುತ್ತದೆ. ಯಾರು ಸಿಕ್ಕಿಬಿದ್ದರು, ಯಾರು ಗೆದ್ದರು ಎಂದು. ಅದನ್ನು ನಾಲ್ಕು ಜನಕ್ಕೆ ಕಳಿಸುವ ಮುಂಚೆ ಕೊನೆಯವರೆಗೆ ಓದಿ. ನಿಮಗೆ ಹಿಡಿಸುವ ಸಾಲು ಸಿಕ್ಕಿತೆಂದು ಅಲ್ಲಿಗೇ ನಿಲ್ಲಿಸಬೇಡಿ. ಹಿಡಿಸದ ಸಾಲು ಎಲ್ಲಿದೆ ಎಂದು ಹುಡುಕಿ, ಅದನ್ನು ಮನೆಯವರ ಮುಂದೆ ಗಟ್ಟಿಯಾಗಿ ಓದಿ. ಅದರಲ್ಲಿ ನಾನು ಮಾಡಬೇಕಾದದ್ದು ಏನಾದರೂ ಇದೆಯೇ ಎಂದು ಕೇಳಿಕೊಳ್ಳಿ. ಇದ್ದರೆ ಮೊದಲು ಅದನ್ನು ಮಾಡಿ. ಆಮೇಲೆ ಹೋಗಿ ಅಧ್ಯಕ್ಷನ ಬಾಗಿಲು ಬಡಿಯಿರಿ, ಜೋರಾಗಿಯೇ ಬಡಿಯಿರಿ.

ಇನ್ನೊಂದು ಮಾತು. ಒಳಗೆ ಬರುವಾಗ ಈ ಸಭಾಭವನದ ಹಿಂದೆ ಒಂದು ಮೋಟರು ಕಂಡೆ. ವ್ಯವಸ್ಥಾಪಕರನ್ನು ಕೇಳಿದೆ. ಬೀದಿಯ ಪೈಪಿಗೇ ಹಚ್ಚಿದೆ, ಎಲ್ಲರೂ ಹಚ್ಚಿದ್ದಾರೆ ಬುದ್ಧಿ ಎಂದರು. ಈಗ ನೀವು ನಗುತ್ತಿದ್ದೀರಿ. ಅವರನ್ನು ನೋಡಿ ನಗುತ್ತಿದ್ದೀರೋ ನಿಮ್ಮ ಮನೆಯದನ್ನು ನೆನೆದು ನಗುತ್ತಿದ್ದೀರೋ ನನಗೆ ಗೊತ್ತಿಲ್ಲ. ನಾಳೆ ಬೆಳಿಗ್ಗೆ ಈ ಊರಿಗೂ ನೀರು ಬಿಡುತ್ತಾರಂತೆ. ನಿಮ್ಮ ಕೈ ರೂಢಿಯಂತೆ ಸ್ವಿಚ್ಚಿನ ಕಡೆಗೆ ಹೋಗುತ್ತದೆ. ಒತ್ತುವ ಮುಂಚೆ, ನಿಮ್ಮ ಪೈಪು ನಿಮ್ಮ ಮನೆ ದಾಟಿದ ಮೇಲೆ ಯಾರ ಮನೆಗೆ ಹೋಗುತ್ತದೆ ಎಂದು ಒಮ್ಮೆ ನೆನೆದುಕೊಳ್ಳಿ. ಅವರ ಮನೆಯ ಮಗುವಿನ ಹೆಸರು ನಿಮಗೆ ಗೊತ್ತಿಲ್ಲದಿದ್ದರೆ, ಮೊದಲು ಹೋಗಿ ಅದನ್ನು ಕೇಳಿಕೊಂಡು ಬನ್ನಿ. ಸ್ವಿಚ್ಚು ಅಲ್ಲೇ ಇರುತ್ತದೆ.