ಬೆಳ್ಳಿ ಪುಡಿಯ ಉಂಗುರಗಳು

...ಅಯ್ಯೋ, ಅಳೋದಾದ್ರೆ ಅತ್ತುಬಿಡು ನೆರಿನಾ, ನಗಬೇಡ! ನಗೋ ಅಂಥದ್ದು ನಾನೇನು ಹೇಳ್ದೆ? ನಾಳೆ ವಿಚಾರಣಾ ಸಮಿತಿ ಮುಂದೆ ನಿಂತು, "ತಪ್ಪು ನಂದು, ನನ್ನೊಬ್ಬಳದೇ, ನನ್ನ ಗೈಡ್ ಪ್ರೊಫೆಸರ್ ಎರ್ವೀನೋ ಅವರಿಗೆ ಏನೂ ಗೊತ್ತಿರಲಿಲ್ಲ" ಅನ್ನು ಅಂದೆ. ಅಷ್ಟೇ ತಾನೆ? ಇಷ್ಟು ಹೇಳೋಕೆ ಬಾಯಿ ಸವೆದು ಹೋಗುತ್ತಾ?

ತಿನ್ನು, ಹ್ಯಾಮ್ ತಣ್ಣಗಾಗ್ತಿದೆ. ಈ ಮನೆಯೊಡತಿ ಝೋರ್ಕಾ, ವೈನ್ ಮಾರಾಟ ಶುರು ಅಂತ ಗೇಟಿಗೆ ಹಸಿರು ಕೊಂಬೆ ಕಟ್ಟಿದ್ಲು ಅಂದ್ರೆ ಅರ್ಧ ಟ್ರಿಯೆಸ್ಟೆ ಊರೇ ಗುಡ್ಡ ಹತ್ತಿ ಬರುತ್ತೆ. ನೀನು ನೋಡಿದ್ರೆ ಆಗ್ಲಿಂದ ಆ ಮೊಟ್ಟೆ ಸುಲೀತಾ ಕೂತಿದೀಯ. ಕಣ್ಣಲ್ಲಿ ನೀರು ಬರ್ತಿರೋದು ಯಾತಕ್ಕೆ? ಹ್ಯಾಮ್ ಮೇಲೆ ತುರಿದ ಈ ಕ್ರೆನ್ ಬೇರಿನ ಘಾಟಿಗೋ, ನನ್ನ ಮಾತಿಗೋ?

ಯಾಕೆ ಹುಬ್ಬು ಏರಿಸ್ತೀಯ? "ನನ್ನೊಬ್ಬಳದೇನಾ ತಪ್ಪು" ಅಂತಾನಾ? ಆಹಾ! ಕುಣಿಯೋಕೆ ಬರದವಳು ನೆಲ ಡೊಂಕು ಅಂದಳಂತೆ. ಕೇಳಿಲ್ಲಿ, ನಿಮ್ಮಜ್ಜಿಗೂ ಅರ್ಥ ಆಗೋ ಹಾಗೆ ಹೇಳ್ತೀನಿ. ಯಾಕಂದ್ರೆ ನಿನ್ನ ಗೈಡಾಗಿ ನಾನು ಇಷ್ಟು ವರ್ಷ ಹೇಳಿದ್ದು ನಿನ್ನ ತಲೆಗೆ ಹತ್ತಿಲ್ಲ. ಎಕ್ಸ್‌ರೇ ಒಂದು ವಸ್ತುವಿನೊಳಗೆ ಹಾಯುತ್ತೆ. ಬಹುಪಾಲು ನೆಟ್ಟಗೆ ಹೋಗುತ್ತೆ, ಒಂಚೂರು ಮಾತ್ರ ಓರೆಯಾಗಿ ಚದುರುತ್ತೆ. ಹೌದಾ? ಆ ಚದುರಿದ್ದರ ಚಿತ್ರ ನೋಡಿ, ಕಣ್ಣಿಗೆ ಕಾಣದ ಒಳಗಿನ ಕಟ್ಟಡ ಹೀಗಿದೆ ಅಂತ ನಾವು ಹೇಳ್ತೀವಿ. ಸಮ ಸಮ ಅಂತರದ ಉಂಗುರ ಬಂದ್ರೆ, ಒಳಗೆ ಪದರ ಪದರ! ಆದ್ರೆ ಮೊದಲು ಅಳತೆ ಹೊಂದಿಸ್ಕೋಬೇಕು. ಅದಕ್ಕೇ ಆ ಬೆಳ್ಳಿ ಪುಡಿ, ಬೆಳ್ಳಿ ಸೇರಿದ ಲವಣ, ಅದೂ ಒಳಗೆ ಪದರ ಪದರವೇ. ಅದರ ಉಂಗುರ ಎಲ್ಲೆಲ್ಲಿ ಬೀಳುತ್ತೆ ಅಂತ ಪ್ರಪಂಚಕ್ಕೇ ಗೊತ್ತು. ಅದನ್ನಿಟ್ಟು, ಹೊಂದಿಸಿ, ತೆಗೆದು, ತಟ್ಟೆ ಒರೆಸಿ... ಒರೆಸಿ!... ಆಮೇಲೆ ನಿನ್ನ ಜೆಲ್ ಇಡಬೇಕು. ನೀನು ಒರೆಸಿದ್ಯಾ? ಪುಡಿ ಅಲ್ಲೇ ಮೆತ್ಕೊಂಡಿತ್ತು. ತಕ್ಕಡಿಯಲ್ಲಿ ತೂಕದ ಕಲ್ಲನ್ನೇ ಇಟ್ಕೊಂಡು, "ಅಬ್ಬಾ, ಎಂಥಾ ಈರುಳ್ಳಿ!" ಅಂದ ಹಾಗಾಯ್ತು.

ಸುಟ್ಟ ಗಾಯಕ್ಕೆ ಹಚ್ಚೋ ಜೆಲ್ಲಂತೆ! ಅದರೊಳಗೆ ಸಿಪಾಯಿಗಳ ಥರ ಸಾಲು ನಿಂತ ಪದರವಂತೆ! ಬಿಸಿ ಮಾಡಿದ್ರೂ ಜಗ್ಗಲ್ಲವಂತೆ! ಎಲ್ಲಿಂದ ಜಗ್ಗುತ್ತೆ, ಅಲ್ಲಿದ್ದದ್ದು ಪುಡಿ! ಲಿಸ್ಬನ್ನಿನಲ್ಲಿ ಯಾವನೋ ಅದೇ ಜೆಲ್ ಮಾಡಿ ನೋಡಿದ. ಗಂಜಿ ಥರ ಮಬ್ಬು ಬಿಟ್ರೆ ಏನೂ ಬರಲಿಲ್ಲ. ಅಚ್ಚಾದ ಪ್ರಬಂಧ ವಾಪಸ್ ತಗೊಳ್ಳೋ ಹಾಗಾಯ್ತು. ಥೂ!

ಏನು? ಅದರ ಮೇಲೆ ನನ್ನ ಹೆಸರೂ ಇತ್ತು ಅಂತಾನಾ? ಗೊತ್ತಮ್ಮಾ. ಅದಕ್ಕೇ ಬಂದು ಕೂತಿದೀನಿ. ನಿನ್ನ ಪಿಎಚ್‌ಡಿ ಹೋದ್ರೆ ಹೋಗುತ್ತೆ. ಉದಿನೆಯಲ್ಲಿ ನಿಮ್ಮಪ್ಪಂದು ಕನ್ನಡಕದ ಅಂಗಡಿ ಇದೆ, ಅಲ್ಲಾದ್ರೂ ನಿನ್ನ ಕಣ್ಣು ಸರಿಯಾಗಬಹುದು. ನನ್ನ ಗತಿ ಏನು? ಹೊಸ ಪ್ರಯೋಗಶಾಲೆಗೆ ನಿರ್ದೇಶಕ ಅಂತ ನನ್ನ ಹೆಸರು ಗೊತ್ತುಮಾಡಿದಾರೆ. ನಿನ್ನ ಕೊಳಕು ತಟ್ಟೆಗೋಸ್ಕರ ನಾನು ಅದನ್ನ ಬಿಟ್ಕೊಡ್ಲಾ?

ಮತ್ತೆ ನಗು! ಮಾತಾಡು ಅಂದ್ರೆ ಹಲ್ಲು ತೋರಿಸ್ತೀಯ. ಏ, ಮೊದಲ ವಾರ ಬಂದ ಮಕ್ಕಳೂ ಹೇಳ್ತವೆ, ಆ ಉಂಗುರ ಕಂಡ್ರೆ ಸಾಕು, ಬೆಳ್ಳಿ ಪುಡಿ ಅಂತ. ಹೆತ್ತ ತಾಯಿ ಮುಖದ ಥರ ಗುರುತು ಸಿಗುತ್ತೆ! ನೋಡಿದ ಕೂಡ್ಲೇ! ಅದನ್ನ ಗುರುತು ಹಿಡೀದೇ ಇರೋರು ಈ ಕೆಲಸಕ್ಕೆ ನಾಲಾಯಕ್ಕು. ಕುರುಡರು! ಕತ್ತೆಗಳು!

...ಯಾಕೆ ಹಾಗೆ ನೋಡ್ತಿದೀಯ?

ಹೌದು, ಇದ್ದೆ. ಆವತ್ತು ಪ್ರಯೋಗಶಾಲೆಯಲ್ಲಿ ನಾನೂ ಇದ್ದೆ, ನಿನ್ನ ಬೆನ್ನ ಹಿಂದೆನೇ. ಪರದೆ ಮೇಲೆ ಚಿತ್ರ ಬಂತು, ನೀನು "ಪ್ರೊಫೆಸರ್, ಇದು ಅತಿಯಾಯ್ತು, ಎಲ್ಲೋ ಏನೋ ತಪ್ಪಾಗಿದೆ" ಅಂದೆ. ಅಂದೆ, ನಾನೇನು ಇಲ್ಲ ಅಂತಿಲ್ಲ. ನಾನು ಬೆನ್ನು ತಟ್ಟಿದೆ. ಎಲ್ಲರಿಗೂ ವೈನ್ ತರಿಸಿದೆ. ಸಂತೋಷಕ್ಕೆ! ಅದರಲ್ಲೇನು? ಕನ್ನಡಕ... ಕನ್ನಡಕ ಹಾಕಿರಲಿಲ್ಲ. ಅಲ್ಲ, ಹಾಕಿದ್ದೆ, ಆದ್ರೆ... ನಿಂತ ಜಾಗ...

ಏನದು ಬೆರಳು? ನನ್ನ ಕಡೆ ಯಾಕೆ ತೋರಿಸ್ತೀಯ? ಕುರುಡ? ಕತ್ತೆ? ...ನಾನಾ? ಏ ಹುಡುಗಿ! ನೀನು ತೊಟ್ಟಿಲಲ್ಲಿದ್ದಾಗ ಆ ಪುಡಿ ಅಳೀತಿದ್ದೋನು ನಾನು! ನನಗೆ ಗೊತ್ತಾಗಲಿಲ್ಲ ಅಂತೀಯಾ? ನನಗೆ? ಈ ಎರ್ವೀನೋಗೆ? ಆ ಚಿತ್ರ ಪರದೆ ಮೇಲೆ ಪೂರ್ತಿ ಮೂಡೋಕೆ ಮೊದಲೇ ಗುರುತು ಹಿಡಿದಿದ್ದೆ ಕಣೇ, ಬೆಳ್ಳಿ ಪುಡಿ ಅಂತ!

...

ಏನಿಲ್ಲ ಝೋರ್ಕಾ, ಏನಿಲ್ಲ. ಸ್ವಲ್ಪ ಜೋರಾಗಿ ಮಾತಾಡಿದೆ, ಅಷ್ಟೇ.

ನೆರಿನಾ. ಕೂತ್ಕೋ. ಕೋಟು ಯಾಕೆ ಹಾಕ್ಕೊಳ್ತಿದೀಯ, ವೈನ್ ಇನ್ನೂ ಮುಗಿದಿಲ್ಲ... ನಾಳೆ ಸಮಿತಿ ಮುಂದೆ ಏನು ಹೇಳ್ತೀಯ? ನಾನೀಗ ಅಂದದ್ದನ್ನಾ? ಹೇಳೇ. ಈಗ ತಿಂತೀಯಾ ಆ ಮೊಟ್ಟೆನ? ನಿಂತ್ಕೊಂಡು? ಇಷ್ಟು ನಿಧಾನಕ್ಕೆ? ...ಬೈಯಾದ್ರೂ ಬೈಯೇ, ನೆರಿನಾ.